ಮನೆಯಲ್ಲೇ ಹಿಬಾಚಿ ಪಾರ್ಟಿ: ಶೆಫ್ ಕರೆಸುವುದಾ, ಹೋಟೆಲಿಗೆ ಹೋಗುವುದಾ, ನಾವೇ ಹಂಚು ಇಡುವುದಾ?

ಅಮೆರಿಕದಲ್ಲಿ ಮೇ ತಿಂಗಳು ಬಂತೆಂದರೆ ನಮ್ಮವರ ಮನೆಗಳಲ್ಲಿ ಸಾಲು ಸಾಲು ಸಮಾರಂಭ. ಮಗಳ ಹೈಸ್ಕೂಲ್ ಗ್ರಾಜುಯೇಷನ್, ಊರಿಂದ ಬಂದಿರುವ ಅಪ್ಪನಿಗೆ ಅರವತ್ತು, ಯಾರದೋ ಮದುವೆಗೆ ಇಪ್ಪತ್ತೈದು ವರ್ಷ. ಮೊದಲೆಲ್ಲ ಅಲ್ಯೂಮಿನಿಯಂ ಟ್ರೇಗಳಲ್ಲಿ ಬಿಸಿಬೇಳೆಬಾತು, ಪನೀರ್ ಬಟರ್ ಮಸಾಲ ತರಿಸಿದರೆ ಮುಗಿಯುತ್ತಿತ್ತು. ಈಗ ಮಕ್ಕಳು "ಹಿಬಾಚಿ ಮಾಡೋಣ" ಅನ್ನುತ್ತಾರೆ. ದೊಡ್ಡ ಕಬ್ಬಿಣದ ಹಂಚಿನ ಹಿಂದೆ ಶೆಫ್ ನಿಂತು, ಮೊಟ್ಟೆ ಹಾರಿಸಿ ಹಿಡಿದು, ಈರುಳ್ಳಿ ಗೋಪುರಕ್ಕೆ ಬೆಂಕಿ ಹಚ್ಚಿ, ಕಣ್ಣೆದುರೇ ಅನ್ನ ಹುರಿದು ಬಡಿಸುವ ಊಟ ಅದು.

ಈ ತಮಾಷೆಯನ್ನು ಅಮೆರಿಕಕ್ಕೆ ಚೆನ್ನಾಗಿ ಪರಿಚಯಿಸಿದ್ದು ಬೆನಿಹಾನಾ. ರಾಕಿ ಆವೊಕಿ ಎಂಬ ಜಪಾನಿ ಕುಸ್ತಿಪಟು 1964ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದ ಹೋಟೆಲ್ ಅದು. ಆಮೇಲೆ ಅದೇ ಮಾದರಿಯ ಹೋಟೆಲುಗಳು ಊರೂರಿಗೂ ಬಂದವು. 2020ರಲ್ಲಿ ಕೋವಿಡ್‌ನಿಂದ ಹೋಟೆಲುಗಳ ಬಾಗಿಲು ಮುಚ್ಚಿದ ಮೇಲೆ, ಹಂಚನ್ನೇ ವ್ಯಾನಿನಲ್ಲಿ ಹಾಕಿಕೊಂಡು ಮನೆಗೆ ಬರುವ ಶೆಫ್‌ಗಳ ವ್ಯಾಪಾರ ಜೋರಾಯಿತು.

ಹಾಗಾಗಿ ಈಗ ಮುಖ್ಯವಾಗಿ ಮೂರು ದಾರಿ ಇವೆ. ಶೆಫ್ ಅನ್ನು ಮನೆಗೆ ಕರೆಸಬಹುದು. ಎಲ್ಲರನ್ನೂ ಕರೆದುಕೊಂಡು ಹಿಬಾಚಿ ಹೋಟೆಲಿಗೆ ಹೋಗಬಹುದು. ಇಲ್ಲವೇ ಗ್ಯಾಸಿನ ಫ್ಲ್ಯಾಟ್‌ಟಾಪ್ ಹಂಚು ತಂದು ನಾವೇ ಮಾಡಬಹುದು. ಜನ ಮೊದಲು ನೋಡುವುದು ತಲೆಗೆ ಎಷ್ಟು ಡಾಲರ್ ಎಂದು. ಕನ್ನಡದವರ ಮನೆಯ ಸಮಾರಂಭವಾದರೆ ಆ ಲೆಕ್ಕವನ್ನು ಎರಡನೆಯದಾಗಿ ಹಾಕಿ ಅಂತಲೇ ನಾನು ಹೇಳುವುದು. ಮೊದಲು ಕೇಳಬೇಕಾದದ್ದು: ಒಂದೇ ಹಂಚಿನ ಮೇಲೆ ಬೇಯುವುದನ್ನು ನಿಮ್ಮ ನೆಂಟರಲ್ಲಿ ಎಷ್ಟು ಜನ ತಿನ್ನುತ್ತಾರೆ?

ಹಂಚು ಒಂದೇ, ತಿನ್ನುವವರು ಹಲವರು

ಹಿಬಾಚಿಯ ಮಾಮೂಲಿ ಮೆನು ಕೋಳಿ, ಸೀಗಡಿ, ಸ್ಟೇಕ್. ಸ್ಟೇಕ್ ಎಂದರೆ ದನದ ಮಾಂಸ. ಫಿಲೆ ಮಿನ್ಯಾನ್ ಎಂದು ಎಷ್ಟು ನಾಜೂಕಾಗಿ ಬರೆದಿದ್ದರೂ ಅದೇ. ಇವೆಲ್ಲ ಬೇಯುವ ಹಂಚಿನ ಮೂಲೆಯಲ್ಲೇ ಸಸ್ಯಾಹಾರಿಗಳ ತರಕಾರಿ, ತೋಫು ಬೇಯುತ್ತವೆ. ಅದೇ ಸಟ್ಟುಗ, ಅದೇ ಎಣ್ಣೆ. ಅನ್ನಕ್ಕೆ ಕೇಳದೆಯೇ ಮೊಟ್ಟೆ ಬೀಳುತ್ತದೆ. ಅಮೆರಿಕದಲ್ಲಿ ಬೆಳೆದ ಮಕ್ಕಳಿಗೆ ಇದೊಂದು ವಿಷಯವೇ ಅಲ್ಲ. ಆದರೆ ಆರು ತಿಂಗಳಿಗೆಂದು ಬಂದಿರುವ ಅತ್ತೆ ಮಾವ ಅದನ್ನು ನೋಡಿ "ನಮಗೆ ಹಸಿವಿಲ್ಲ ಬಿಡಮ್ಮ" ಎಂದು ಒಳಗೆ ಹೋಗಿ ಕೂರುತ್ತಾರೆ. ಯಾರ ಅರವತ್ತಕ್ಕೆ ಪಾರ್ಟಿಯೋ ಅವರೇ ಬಾಳೆಹಣ್ಣು ತಿಂದು ಮಲಗಿದರೆ ಚೆನ್ನಾಗಿರುತ್ತಾ?

ಕಣ್ಣಿಗೆ ಕಾಣದ ಮಾಂಸಾಹಾರವೂ ಇದೆ. ಹೋಟೆಲಿನಲ್ಲಿ ಮೊದಲು ಕೊಡುವ ತಿಳಿ ಸೂಪು ಸಾಮಾನ್ಯವಾಗಿ ಕೋಳಿ ಅಥವಾ ದನದ ಎಲುಬಿನ ಸಾರಿನಿಂದ ಮಾಡಿದ್ದು. ಮಿಸೋ ಸೂಪು ನೋಡಲು ಸೌಮ್ಯ, ಆದರೆ ಅದರ ತಳದಲ್ಲಿ ದಾಶಿ ಎಂಬ ಒಣ ಮೀನಿನ ಸಾರು ಇರುತ್ತದೆ. ಎಲ್ಲರೂ ಚಪ್ಪರಿಸುವ ಯಮ್ ಯಮ್ ಸಾಸಿನ ಮೂಲ ಮೆಯೊನೇಸ್, ಅಂದರೆ ಮೊಟ್ಟೆ. ನೂಡಲ್ಸಿಗೆ ಆಯ್ಸ್ಟರ್ ಎಂಬ ಚಿಪ್ಪುಜೀವಿಯ ಸಾಸ್ ಬೀಳಬಹುದು. ತೆರಿಯಾಕಿ ಸಾಸಿನಲ್ಲಿ ಮಿರಿನ್ ಅಥವಾ ಸಾಕೆ ಇರಬಹುದು, ಎರಡೂ ಅಕ್ಕಿಯ ಮದ್ಯ. "ವೆಜ್ ಆಪ್ಷನ್ ಇದೆ" ಎಂದು ಅವರು ಹೇಳಿದ್ದು ಸುಳ್ಳಲ್ಲ. ಆದರೆ ಅವರ ವೆಜ್ ಬೇರೆ, ನಮ್ಮ ವೆಜ್ ಬೇರೆ.

ಇದರ ಜೊತೆಗೆ ಅಲರ್ಜಿ. ಸೋಯಾ ಸಾಸಿನಲ್ಲಿ ಸೋಯಾ ಮಾತ್ರವಲ್ಲ, ಗೋಧಿಯೂ ಇರುತ್ತದೆ. ಗ್ಲೂಟೆನ್ ಆಗದವರಿಗೆ ತಮಾರಿ ಎಂಬ, ಗೋಧಿ ಇಲ್ಲದ ಸೋಯಾ ಸಾಸ್ ಬೇಕು. ಎಳ್ಳು, ಎಳ್ಳೆಣ್ಣೆ ಎಲ್ಲದರಲ್ಲೂ ಇರುತ್ತದೆ. ಅಮೆರಿಕದಲ್ಲಿ 2023ರ ಜನವರಿಯಿಂದ ಪ್ಯಾಕೆಟ್ ಮೇಲೆ ನಮೂದಿಸಲೇಬೇಕಾದ ಒಂಬತ್ತು ಮುಖ್ಯ ಅಲರ್ಜಿ ಪದಾರ್ಥಗಳಲ್ಲಿ ಎಳ್ಳೂ ಒಂದು. ಇನ್ನು ಸೀಗಡಿ ಅಲರ್ಜಿ ಇರುವ ಮಗು ಬರುವುದಾದರೆ ಒಂದೇ ಹಂಚಿನ ಊಟ ನಿಜಕ್ಕೂ ಅಪಾಯ. ಆಗ ಸೀಗಡಿಯನ್ನು ಮೆನುವಿನಿಂದಲೇ ತೆಗೆಸಿ.

ಶೆಫ್ ಮನೆಗೆ ಬಂದರೆ

ದರ ಊರಿಂದ ಊರಿಗೆ ಬದಲಾಗುತ್ತದೆ. ಆದರೂ ಬಹಳ ಕಡೆ ದೊಡ್ಡವರಿಗೆ 50ರಿಂದ 65 ಡಾಲರ್, ಮಕ್ಕಳಿಗೆ ಅದರ ಅರ್ಧ. ಕನಿಷ್ಠ ಇಷ್ಟು ಎಂದು ಒಂದು ಮೊತ್ತ ಬೇರೆ ಇರುತ್ತದೆ, ಸಾಮಾನ್ಯವಾಗಿ 500 ಡಾಲರ್ ಆಸುಪಾಸು. ಅದಕ್ಕೇ ಐದಾರು ಜನರ ಪಾರ್ಟಿಗೆ ಶೆಫ್ ಕರೆಸುವುದು ದುಬಾರಿ ಬೀಳುತ್ತದೆ. ತಲೆಗೆ ಎರಡು ಪ್ರೋಟೀನ್, ತರಕಾರಿ, ಫ್ರೈಡ್ ರೈಸ್, ಸಲಾಡ್ ಇದರಲ್ಲಿ ಸೇರಿರುತ್ತದೆ. ನೂಡಲ್ಸ್, ಲಾಬ್‌ಸ್ಟರ್ ಅಂದರೆ ಮೇಲೆ ಕೊಡಬೇಕು. ದೂರದ ಊರಾದರೆ ಪ್ರಯಾಣದ ಖರ್ಚೂ ಸೇರುತ್ತದೆ.

ಒಂದು ಲೆಕ್ಕ ನೋಡಿ. 20 ಜನ ದೊಡ್ಡವರು, 6 ಮಕ್ಕಳು. 60 ಮತ್ತು 30 ಡಾಲರ್ ದರ ಎಂದಿಟ್ಟುಕೊಂಡರೆ 1,380. ಇದರ ಮೇಲೆ ಶೇಕಡಾ 20 ಟಿಪ್, ಅಂದರೆ 276. ಒಟ್ಟು 1,656 ಡಾಲರ್. ಟಿಪ್ ಎನ್ನುವುದು ಇಲ್ಲಿ ಇಷ್ಟ ಬಂದರೆ ಕೊಡುವುದಲ್ಲ, ಲೆಕ್ಕದಲ್ಲೇ ಸೇರಿಸಿಕೊಳ್ಳಬೇಕು. ಎಷ್ಟೋ ಶೆಫ್‌ಗಳ ಮುಖ್ಯ ಸಂಪಾದನೆಯೇ ಅದು.

ಅವರು ತರುವುದು ಹಂಚು, ಗ್ಯಾಸು, ಸಾಮಾನು, ಸಾಸು. ಮೇಜು, ಕುರ್ಚಿ, ತಟ್ಟೆ, ಚಮಚ, ಕುಡಿಯುವುದು ಎಲ್ಲ ನಮ್ಮದೇ. ಹಂಚಿನ ಮೂರು ಬದಿಗೆ ಮೇಜು ಜೋಡಿಸಬೇಕು, ನಾಲ್ಕನೆಯ ಬದಿ ಶೆಫ್‌ದು. ಎಂಟು ಅಡಿಯ ಮೇಜುಗಳನ್ನು ಹೀಗಿಟ್ಟರೆ ಹತ್ತು ಹನ್ನೆರಡು ಜನ ಎದುರಿಗೆ ಕೂರಬಹುದು. 26 ಜನರಿಗೆ ಇದು ಸಾಲದು. ಹಿಂದೆ ಕೂತವರಿಗೆ ಶೆಫ್‌ನ ಟೋಪಿ ಕಾಣುತ್ತದೆ ಅಷ್ಟೇ. ಮಕ್ಕಳನ್ನು ಮುಂದೆ ಕೂರಿಸಿ, ಅವರ ಆಟ ಮುಗಿದ ಮೇಲೆ ದೊಡ್ಡವರಿಗೆ ಬಡಿಸಿ ಅಂದರೆ ಹೆಚ್ಚಿನ ಶೆಫ್‌ಗಳು ಒಪ್ಪುತ್ತಾರೆ.

ಸಮಯದ ವಿಷಯ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಅವರದ್ದು ಒಂದೂವರೆ ಗಂಟೆಯಿಂದ ಎರಡು ಗಂಟೆಯ ಕೆಲಸ. ಶನಿವಾರ ಒಬ್ಬ ಶೆಫ್ ಎರಡು ಮೂರು ಮನೆ ಮಾಡುತ್ತಾನೆ. ನಿಮ್ಮ ನೆಂಟರು ಐದಕ್ಕೆ ಅಂದರೆ ಆರೂವರೆಗೆ ಬರುವವರಾದರೆ ಅವನು ಕಾಯುವುದಿಲ್ಲ. ಕರೆಯೋಲೆಯಲ್ಲಿ ಶೆಫ್ ಬರುವುದಕ್ಕಿಂತ ಒಂದು ಗಂಟೆ ಮುಂಚಿನ ಸಮಯ ಹಾಕಿ. ಚುರುಮುರಿ, ಕೋಸಂಬರಿ, ಜ್ಯೂಸ್ ಇಟ್ಟಿರಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ದಿನದ ಮೊದಲ ಸ್ಲಾಟ್ ಸಿಕ್ಕರೆ ಅದನ್ನೇ ಹಿಡಿಯಿರಿ. ಹಿಂದಿನ ಮನೆಯ ತಡ ನಿಮ್ಮ ತಲೆಗೆ ಬರುವುದಿಲ್ಲ.

ಬುಕ್ ಮಾಡುವಾಗ ಫೋನಿನಲ್ಲಿ ಹೇಳಿದರೆ ಸಾಲದು, ಮೆಸೇಜಿನಲ್ಲಿ ಬರೆದು ಒಪ್ಪಿಗೆ ತೆಗೆದುಕೊಳ್ಳಿ. ಬುಕಿಂಗ್ ತೆಗೆದುಕೊಳ್ಳುವವರು ಒಬ್ಬರು, ಹಂಚಿನ ಮುಂದೆ ನಿಲ್ಲುವವರು ಇನ್ನೊಬ್ಬರು. ನನಗೆ ಗೊತ್ತಿರುವ ಒಂದು ಮನೆಯಲ್ಲಿ "ಅನ್ನಕ್ಕೆ ಮೊಟ್ಟೆ ಬೇಡ" ಎಂದು ಹೇಳಿದ್ದ ಮಾತು ಶೆಫ್‌ವರೆಗೆ ತಲುಪಲೇ ಇಲ್ಲ. ಇಡೀ ಅನ್ನಕ್ಕೆ ಮೊಟ್ಟೆ ಬಿದ್ದ ಮೇಲೆ ಗೊತ್ತಾಗಿ ಏನು ಪ್ರಯೋಜನ? ಹಾಗಾಗಿ ಶೆಫ್ ಬಂದ ಕೂಡಲೇ, ಗ್ಯಾಸ್ ಹಚ್ಚುವ ಮೊದಲೇ, ನೀವೇ ಹೋಗಿ ಮತ್ತೊಮ್ಮೆ ಹೇಳಿ. ಮೊದಲು ತರಕಾರಿ ಮತ್ತು ಮೊಟ್ಟೆಯಿಲ್ಲದ ಅನ್ನ, ಅದನ್ನು ಮುಚ್ಚಳದ ಟ್ರೇಗೆ ತೆಗೆದು ಬದಿಗಿಡುವುದು, ಆಮೇಲೆ ಮಿಕ್ಕಿದ್ದು. ಸಸ್ಯಾಹಾರಕ್ಕೆ ನಿಮ್ಮದೇ ಎರಡು ಹೊಸ ಸಟ್ಟುಗ, ಒಂದು ಬಾಟಲಿ ಎಣ್ಣೆ ಕೊಡಿ. ಯಾರೂ ಬೇಡ ಅನ್ನುವುದಿಲ್ಲ. ಅಡ್ವಾನ್ಸ್ ಕೊಡುವ ಮೊದಲು ಮಳೆ ಬಂದರೆ ಏನು, ಎಷ್ಟು ದಿನ ಮುಂಚೆ ರದ್ದು ಮಾಡಿದರೆ ಹಣ ವಾಪಸ್, ವಿಮೆ ಇದೆಯಾ ಎಂದು ಕೇಳಿ. ಮಳೆಗೆ ಚಪ್ಪರ ಹಾಕಿಸುವುದು ಹೆಚ್ಚಿನ ಕಡೆ ನಮ್ಮ ಜವಾಬ್ದಾರಿ. ಗರಾಜಿನೊಳಗೆ ಹಚ್ಚಿ ಎಂದು ಹೇಳಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಬೆಂಕಿಯ ಆಟದ ಹೊತ್ತಿಗೆ ರೇಷ್ಮೆ ಸೀರೆ, ಸಿಂಥೆಟಿಕ್ ದುಪಟ್ಟಾದವರನ್ನು ಹಂಚಿನಿಂದ ಸ್ವಲ್ಪ ದೂರ ಕೂರಿಸಿ. ಎಣ್ಣೆ ಸಿಡಿಯುತ್ತದೆ. ಕಾಂಕ್ರೀಟ್ ಪ್ಯಾಟಿಯೋ ಮೇಲೂ ಕಲೆ ಉಳಿಯುತ್ತದೆ, ಕೆಳಗೆ ಬೆಂಕಿ ತಡೆಯುವ ಗ್ರಿಲ್ ಮ್ಯಾಟ್ ಹಾಸಿದರೆ ಒಳ್ಳೆಯದು. ಕೆಲವು ಶೆಫ್‌ಗಳು ಬಾಟಲಿಯಿಂದ ನೇರವಾಗಿ ಬಾಯಿಗೆ ಸಾಕೆ ಚಿಮ್ಮಿಸುವ ಆಟ ಆಡುತ್ತಾರೆ. ಹಿರಿಯರ ಮುಂದೆ ಅದು ಬೇಡವೆಂದರೆ ಮೊದಲೇ ಹೇಳಿಬಿಡಿ.

ಹೋಟೆಲಿಗೆ ಹೋದರೆ

ಇದರಲ್ಲಿ ಹೇಳುವುದು ಕಡಿಮೆ. ಪಾತ್ರೆ ತೊಳೆಯುವುದಿಲ್ಲ, ಮಳೆಯ ಚಿಂತೆಯಿಲ್ಲ. ಎಂಟು ಹತ್ತು ಜನರ ಹುಟ್ಟುಹಬ್ಬಕ್ಕೆ ಇದೇ ಸರಿ. ಒಂದು ಹಂಚಿನ ಸುತ್ತ ಸಾಮಾನ್ಯವಾಗಿ ಎಂಟು ಜನ ಕೂರಬಹುದು. ಸಂಖ್ಯೆ ಹೆಚ್ಚಿದರೆ ಎರಡು ಮೂರು ಹಂಚುಗಳಿಗೆ ಹಂಚಿ ಹೋಗುತ್ತೀರಿ. ಆಗ ಒಂದೇ ಪಾರ್ಟಿ ಅನ್ನಿಸುವುದೇ ಇಲ್ಲ. ದೊಡ್ಡ ಗುಂಪಿಗೆ ಟಿಪ್ ತಾನಾಗಿಯೇ ಬಿಲ್ಲಿಗೆ ಸೇರುವುದು ಸಾಮಾನ್ಯ, ನೋಡದೆ ಎರಡು ಸಲ ಕೊಟ್ಟುಬಿಡಬೇಡಿ.

ನಮ್ಮವರಿಗೆ ತೊಂದರೆ ಎಂದರೆ, ಆ ಹಂಚಿನ ಮೇಲೆ ಬೆಳಿಗ್ಗೆಯಿಂದ ಎಲ್ಲ ಬೆಂದಿರುತ್ತದೆ. ಮನೆಗೆ ಬಂದ ಶೆಫ್ ನಮ್ಮ ಮಾತು ಕೇಳುವಷ್ಟು ಹೋಟೆಲಿನವರು ಕೇಳುವುದಿಲ್ಲ. ಕೆಲವು ಹೋಟೆಲುಗಳಲ್ಲಿ ಕೇಳಿದರೆ ತರಕಾರಿಯನ್ನು ಒಳಗಿನ ಅಡುಗೆಮನೆಯಲ್ಲಿ ಮಾಡಿ ತಂದುಕೊಡುತ್ತಾರೆ. ಹೊಟ್ಟೆ ತುಂಬುತ್ತದೆ, ಆದರೆ ನೋಡಲು ಬಂದ ಆಟ ತಪ್ಪಿಹೋಗುತ್ತದೆ.

ನಾವೇ ಮಾಡಿದರೆ

ನನ್ನ ಒಲವು ಇದರ ಕಡೆಗೆ. ಕಾರಣ ಸುಲಭ: ದೋಸೆ ಹಾಕಿ ಬೆಳೆದವರಿಗೆ ಹಂಚು ಹೊಸದಲ್ಲ. ಅಗಲವಾದ, ಗ್ಯಾಸಿನಿಂದ ಉರಿಯುವ ದೋಸೆ ಕಾವಲಿ ಎಂದುಕೊಂಡರೆ ಅರ್ಧ ಭಯ ಹೋಗುತ್ತದೆ. ಯೂಟಾದ ಬ್ಲ್ಯಾಕ್‌ಸ್ಟೋನ್ ಕಂಪನಿಯ 36 ಇಂಚಿನದ್ದು ಇಲ್ಲಿ ಎಲ್ಲರಿಗೂ ಗೊತ್ತು. ನಾಲ್ಕು ಬರ್ನರ್, ಗಂಟೆಗೆ ಒಟ್ಟು 60,000 ಬಿಟಿಯು (ಶಾಖದ ಅಳತೆ). ಸೇಲ್ ನೋಡಿ ಕೊಂಡರೆ 300ರಿಂದ 500 ಡಾಲರ್ ಒಳಗೆ ಸಿಗುತ್ತದೆ. 20 ಪೌಂಡಿನ ಒಂದು ಪ್ರೊಪೇನ್ ಸಿಲಿಂಡರಿನಲ್ಲಿ ಸುಮಾರು 4,30,000 ಬಿಟಿಯು ಇರುತ್ತದೆ. ನಾಲ್ಕೂ ಬರ್ನರ್ ಪೂರ್ತಿ ಉರಿಸಿದರೂ ಏಳು ಗಂಟೆ ಬರುತ್ತದೆ. ಆದರೂ ತುಂಬಿದ್ದು ಇನ್ನೊಂದು ಇಟ್ಟುಕೊಳ್ಳಿ.

ನಾಲ್ಕು ಬರ್ನರ್ ಇರುವುದರಿಂದ ಹಂಚಿನ ಒಂದು ಬದಿ ಜೋರು ಉರಿ, ಇನ್ನೊಂದು ಬದಿ ಸಣ್ಣ ಉರಿ ಇಡಬಹುದು. ದೊಡ್ಡ ಅನುಕೂಲ ಅದೇ. ಇನ್ನೂ ದೊಡ್ಡದು, ಎರಡು ಹಂಚು ಇಟ್ಟು ಒಂದನ್ನು ಸಸ್ಯಾಹಾರಕ್ಕೇ ಬಿಡಬಹುದು. 22 ಇಂಚಿನ ಮೇಜಿನ ಮೇಲಿಡುವ ಹಂಚು ಅದಕ್ಕೆ ಸಾಕು.

ಹೊಸ ಹಂಚನ್ನು ಪಾರ್ಟಿ ದಿನ ಹೊರತೆಗೆಯಬೇಡಿ. ಅದು ಪಳಗಬೇಕು. ತೊಳೆದು ಒಣಗಿಸಿ, ಕಾಯಿಸಿ, ತೆಳ್ಳಗೆ ಎಣ್ಣೆ ಸವರಿ, ಹೊಗೆ ನಿಲ್ಲುವ ತನಕ ಬಿಡಿ. ಹೀಗೆ ಮೂರು ನಾಲ್ಕು ಸಲ ಮಾಡಿದರೆ ಕಪ್ಪಗೆ ನುಣುಪಾಗುತ್ತದೆ. ಎಣ್ಣೆ ಜಾಸ್ತಿ ಹಾಕಿದರೆ ಅಂಟಂಟಾಗುತ್ತದೆ. ಮೊದಲ ಎರಡು ವಾರ ಮನೆಯವರಿಗೇ ದೋಸೆ, ಈರುಳ್ಳಿ ಪಲ್ಯ ಮಾಡಿ ಕೈ ಕುದುರಿಸಿಕೊಳ್ಳಿ. ಮುಗಿದ ಮೇಲೆ ಬಿಸಿ ಇರುವಾಗಲೇ ಕೆರೆದು, ಸ್ವಲ್ಪ ನೀರು ಹಾಕಿ ಒರೆಸಿ, ಮತ್ತೆ ಎಣ್ಣೆ ಸವರಿ ಮುಚ್ಚಿಡಿ.

ಹಿಬಾಚಿಯ ರುಚಿ ನಿಂತಿರುವುದು ಅನ್ನದ ಮೇಲೆ. ಬಿಸಿ ಅನ್ನ ಹುರಿದರೆ ಮುದ್ದೆಯಾಗುತ್ತದೆ. ಹಿಂದಿನ ದಿನ ಮಾಡಿ, ಅಗಲವಾದ ಟ್ರೇಗಳಲ್ಲಿ ತೆಳ್ಳಗೆ ಹರಡಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ರಾತ್ರಿಯೆಲ್ಲ ಕಟ್ಟೆಯ ಮೇಲೆ ಬಿಟ್ಟ ಅನ್ನ ಚಿತ್ರಾನ್ನಕ್ಕೆ ನಡೆಯುತ್ತದೆ ಎಂದು ನಮ್ಮಲ್ಲಿ ಅಭ್ಯಾಸವಿದೆ. 26 ಜನರ ಊಟದಲ್ಲಿ ಅದು ಬೇಡ. ಅನ್ನದಲ್ಲಿ ಉಳಿಯುವ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾದ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ. ಅಕ್ಕಿ ಕ್ಯಾಲ್‌ರೋಸ್ ಆದರೆ ಹೋಟೆಲಿನ ಹಾಗೆ ಬರುತ್ತದೆ. ಸೋನಾ ಮಸೂರಿಯೂ ಆಗುತ್ತದೆ, ನೀರು ಸ್ವಲ್ಪ ಕಡಿಮೆ ಹಾಕಿ. ಒಂದು ಕಪ್ ಅಕ್ಕಿಗೆ ಮೂರು ಕಪ್ ಅನ್ನ. 26 ಜನರಿಗೆ 11 ಕಪ್ ಅಕ್ಕಿ ಸಾಕು.

ಹುರಿಯುವ ಕ್ರಮ ಹೀಗಿರಲಿ. ಮೊದಲು ತೋಫು, ಪನೀರ್. ತೋಫು ಎಕ್ಸ್‌ಟ್ರಾ ಫರ್ಮ್ ಆಗಿರಬೇಕು, ಅರ್ಧ ಗಂಟೆ ಭಾರ ಹೇರಿ ನೀರು ಹಿಂಡಿರಬೇಕು. ಪನೀರ್ ಬೇಗ ಕೆಂಪಾಗುತ್ತದೆ, ಅಲ್ಲೇ ನಿಂತಿರಿ. ಆಮೇಲೆ ಜುಕಿನಿ, ಕ್ಯಾರೆಟ್, ಬ್ರಾಕಲಿ, ಈರುಳ್ಳಿ. ಅಣಬೆ ನೀರು ಬಿಡುವುದರಿಂದ ಅದನ್ನು ಬೇರೆ ಹುರಿಯಿರಿ, ಇಲ್ಲದಿದ್ದರೆ ಎಲ್ಲ ತರಕಾರಿಯೂ ಬೆಂದ ಪಲ್ಯವಾಗುತ್ತದೆ. ಬೆಣ್ಣೆ ಕೊನೆಗೆ ಹಾಕಿ, ಮೊದಲೇ ಹಾಕಿದರೆ ಸೀಯುತ್ತದೆ. ಸೋಯಾ ಸಾಸನ್ನು ಅನ್ನದ ಮೇಲೆ ಸುರಿಯುವ ಬದಲು ಅನ್ನದ ಪಕ್ಕ ಕಾದ ಹಂಚಿಗೆ ಸುರಿದು ಆಮೇಲೆ ಕಲೆಸಿ. ಹೋಟೆಲಿನ ಆ ಘಮ ಬರುವುದು ಅದರಿಂದಲೇ. ಇವೆಲ್ಲ ಮುಗಿದ ಮೇಲೆ ಮೊಟ್ಟೆಯ ಅನ್ನ, ಕೋಳಿ, ಎಲ್ಲಕ್ಕಿಂತ ಕೊನೆಗೆ ಸೀಗಡಿ. ಕೋಳಿ ಒಳಗಡೆ 165 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಬೇಕು, ಸೀಗಡಿ 145. ಹದಿನೈದು ಡಾಲರಿನ ಥರ್ಮಾಮೀಟರ್ ತಂದಿಟ್ಟರೆ "ಬೆಂದಿದೆಯಾ?" ಎಂಬ ಚರ್ಚೆ ಇರುವುದಿಲ್ಲ. ಹಸಿ ಕೋಳಿ ಮುಟ್ಟಿದ ಇಕ್ಕಳ ಬೇರೆ, ಬಡಿಸುವುದು ಬೇರೆ.

ಬೆಳ್ಳುಳ್ಳಿ ಈರುಳ್ಳಿ ತಿನ್ನದವರಿಗೆ ಎಲೆಕೋಸು, ಬೀನ್ಸ್, ಕ್ಯಾಪ್ಸಿಕಂ, ಶುಂಠಿ ಹಾಕಿ ಮೊದಲ ಬಾರಿಗೇ ಅನ್ನ ಹುರಿದು ತೆಗೆದಿಡಿ. ನಿಜಕ್ಕೂ ಚೆನ್ನಾಗಿರುತ್ತದೆ. ಯಮ್ ಯಮ್ ಸಾಸು ಮಾಡುವುದು ಬಹಳ ಸುಲಭ. ಮೊಟ್ಟೆಯಿಲ್ಲದ ಮೆಯೊನೇಸ್, ಸ್ವಲ್ಪ ಕೆಚಪ್, ಅಕ್ಕಿಯ ವಿನೆಗರ್, ಪ್ಯಾಪ್ರಿಕಾ, ಬೆಳ್ಳುಳ್ಳಿ ಪುಡಿ, ಚಿಟಿಕೆ ಸಕ್ಕರೆ. ಹಿಂದಿನ ರಾತ್ರಿ ಕಲೆಸಿ ಫ್ರಿಜ್ಜಿನಲ್ಲಿಡಿ. ಮಡಿ ಬಿಡದ ಅಜ್ಜಿಗೆ ಒಳಗೆ ಮೊಸರನ್ನ ಇರಲಿ, ಒತ್ತಾಯ ಬೇಡ.

ನಾವೇ ಮಾಡುವುದರ ತೊಂದರೆಗಳೂ ಇವೆ. ಮೊದಲನೆಯದು, ಒಬ್ಬರು ಪಾರ್ಟಿ ಪೂರ್ತಿ ಹಂಚಿನ ಹಿಂದೆಯೇ ಇರಬೇಕು. 36 ಇಂಚಿನ ಹಂಚಿನಲ್ಲಿ ಒಂದು ಸಲಕ್ಕೆ ಆರೇಳು ಜನರ ತಟ್ಟೆ ಆರಾಮಾಗಿ ಆಗುತ್ತದೆ. 26 ಜನ ಎಂದರೆ ನಾಲ್ಕು ಸುತ್ತು. ಅದು ಮಗಳ ಪಾರ್ಟಿಯಾಗಿದ್ದು ಅಪ್ಪನೇ ಹಂಚಿನ ಮುಂದಿದ್ದರೆ ಒಂದು ಫೋಟೊದಲ್ಲೂ ಅಪ್ಪ ಇರುವುದಿಲ್ಲ. ಎರಡನೆಯದು, ಚಾಕು ಹಾರಿಸುವುದು, ಈರುಳ್ಳಿ ಜ್ವಾಲಾಮುಖಿ ನಮ್ಮಿಂದ ಆಗದ ಕೆಲಸ. ವಿಡಿಯೊ ನೋಡಿ ಕಲಿತು ಮದ್ಯ ಸುರಿದು ಬೆಂಕಿ ಹಚ್ಚಲು ಹೋಗಬೇಡಿ. ಆಟ ಬೇಕೇ ಬೇಕು ಎನ್ನುವ ಮಕ್ಕಳಿದ್ದರೆ ನಮ್ಮ ಹಂಚು ಅವರಿಗೆ ಸಪ್ಪೆ ಅನ್ನಿಸುತ್ತದೆ. ಖರ್ಚು ಮಾತ್ರ ಬಹಳ ಕಡಿಮೆ. ಸಾಮಾನಿಗೆ ತಲೆಗೆ 10–12 ಡಾಲರ್ ಹಾಕಿದರೂ ಹಂಚು ಸೇರಿ ಮೊದಲ ಪಾರ್ಟಿ ಶೆಫ್ ಖರ್ಚಿನ ಅರ್ಧಕ್ಕೆ ಮುಗಿಯುತ್ತದೆ. ಹಂಚು ಮನೆಯಲ್ಲೇ ಉಳಿಯುತ್ತದೆ.

ಅಪಾರ್ಟ್‌ಮೆಂಟಿನಲ್ಲಿದ್ದರೆ

ಹೆಚ್ಚು ಯೋಚಿಸಬೇಕಾಗಿಲ್ಲ. ಅಮೆರಿಕದ ಬಹಳಷ್ಟು ಕಡೆ ಅಗ್ನಿ ನಿಯಮದ ಪ್ರಕಾರ ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ, ಕಟ್ಟಡದಿಂದ 10 ಅಡಿಯೊಳಗೆ ಗ್ಯಾಸ್ ಗ್ರಿಲ್ ಹಚ್ಚುವಂತಿಲ್ಲ. ಪಾರ್ಕಿನ ಪೆವಿಲಿಯನ್ ಬಾಡಿಗೆಗೆ ಸಿಗುತ್ತದೆ. ಹೊರಗಿನ ಶೆಫ್‌ಗೆ, ಪ್ರೊಪೇನಿಗೆ ಅನುಮತಿ ಇದೆಯಾ ಎಂದು ಕೇಳಿ ಬುಕ್ ಮಾಡಿ. ಆರು ಜನರ ಪಾರ್ಟಿಯಾದರೆ ಮೇಜಿನ ಮೇಲೆ ಕರೆಂಟಿನ ಹಂಚು ಇಟ್ಟು ಎಲ್ಲರೂ ಸುತ್ತ ಕೂತು ಮಾಡಿಕೊಳ್ಳಬಹುದು. 1,500 ವಾಟಿನ ಹಂಚು ಇಲ್ಲಿನ 120 ವೋಲ್ಟಿನಲ್ಲಿ 12.5 ಆಂಪ್ ಎಳೆಯುತ್ತದೆ. 15 ಆಂಪಿನ ಒಂದೇ ಸರ್ಕ್ಯೂಟಿಗೆ ಎರಡು ಚುಚ್ಚಿದರೆ ಬ್ರೇಕರ್ ಬೀಳುವುದು ಖಂಡಿತ. ಸ್ಮೋಕ್ ಅಲಾರಂ ಕೂಗಿದರೆ ಗಾಬರಿಯಾಗಬೇಡಿ, ಕಿಟಕಿ ಮೊದಲೇ ತೆರೆದಿಡಿ.

ಹಾಗಾದರೆ ಯಾವುದು?

ಎಂಟು ಹತ್ತು ಜನ, ಹೆಚ್ಚಿನವರು ಎಲ್ಲ ತಿನ್ನುವವರು: ಹೋಟೆಲ್. ಮಗಳ ಗೆಳತಿಯರೇ ಹೆಚ್ಚಿರುವ ಗ್ರಾಜುಯೇಷನ್ ಪಾರ್ಟಿ: ಶೆಫ್, ಯೋಚನೆಯೇ ಬೇಡ. ಹಣ ಕೊಡುವುದು ಆ ಒಂದೂವರೆ ಗಂಟೆಯ ಕೇಕೆಗೆ. ಅಪ್ಪನ ಅರವತ್ತು, ಬಂದವರಲ್ಲಿ ಮುಕ್ಕಾಲು ಪಾಲು ಸಸ್ಯಾಹಾರಿಗಳು: ಹಿಬಾಚಿಯನ್ನೇ ಬಿಡಿ. ಅಷ್ಟೇ ಹಣಕ್ಕೆ ನಿಮ್ಮ ಊರಿನ ದಕ್ಷಿಣ ಭಾರತದ ಕೇಟರರ್ ಅಂಗಳಕ್ಕೇ ಕಾವಲಿ ತಂದು ಬಿಸಿಬಿಸಿ ದೋಸೆ ಹಾಕಿಕೊಡುತ್ತಾರೆ. ಹಿರಿಯರಿಗೆ ಅದಕ್ಕಿಂತ ದೊಡ್ಡ ಆಟ ಬೇಕಾಗಿಲ್ಲ.

ಅರ್ಧಕ್ಕರ್ಧ ಇದ್ದರೆ ಎರಡನ್ನೂ ಕೂಡಿಸಿ. ಮಾಂಸ ತಿನ್ನುವವರಿಗೆ ಮತ್ತು ಮಕ್ಕಳಿಗೆ ಮಾತ್ರ ಶೆಫ್, ಹತ್ತು ಅಡಿ ದೂರದಲ್ಲಿ ನಿಮ್ಮ 22 ಇಂಚಿನ ಸಸ್ಯಾಹಾರದ ಹಂಚು. ಮೇಲಿನ ಅದೇ 26 ಜನರಲ್ಲಿ 14 ದೊಡ್ಡವರು, 6 ಮಕ್ಕಳು ಶೆಫ್ ಕಡೆ ಎಂದರೆ ಟಿಪ್ ಸೇರಿ 1,224 ಡಾಲರ್. ಉಳಿದ 432 ಡಾಲರಿನಲ್ಲಿ ಸಣ್ಣ ಹಂಚೂ ಬರುತ್ತದೆ, ಆರು ಜನರ ಸಾಮಾನೂ ಬರುತ್ತದೆ. ಆದರೆ ಕೆಲವರು ಅಂಗಳದಲ್ಲಿ ಕಾಣುವ ಎಲ್ಲ ತಲೆಗಳಿಗೂ ದುಡ್ಡು ಕೇಳುತ್ತಾರೆ. ಈ ಆರು ಜನ ಲೆಕ್ಕಕ್ಕಿಲ್ಲ ಎಂದು ಬುಕಿಂಗ್ ಮೆಸೇಜಿನಲ್ಲೇ ಬರೆಸಿಕೊಳ್ಳಿ. ಮೇ ಕೊನೆ, ಜೂನ್ ತಿಂಗಳ ಶನಿವಾರಗಳು ಬೇಗ ತುಂಬಿಹೋಗುತ್ತವೆ, ಆ ಮೆಸೇಜನ್ನು ಮಾರ್ಚಿನಲ್ಲೇ ಕಳಿಸಿ.